ಐದು ಬೆರಳಿನ ವಾದಕ್ಕೆ ಉತ್ತರ

ಆದಾಯದ ಅಸಮಾನತೆ ಎಂದಾದರೂ ತೊಲಗೀತೇ ಎಂದು ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾರೆ: ‘ಐದು ಬೆರಳು ಸಮ ಇರುತ್ತವೆಯೇ?’ ಇಲ್ಲ ಸ್ವಾಮಿ, ಇರುವುದಿಲ್ಲ. ಆದರೆ ಕಿರುಬೆರಳಿಗಿಂತ ನಡುಬೆರಳು ಸಾವಿರ ಪಟ್ಟು ಉದ್ದವಿರುವ ಕೈಯನ್ನು ನಾನಂತೂ ನೋಡಿಲ್ಲ. ಅಂತರ ಪೂರ್ತಿ ಅಳಿಯದು ಎಂದರೆ ಒಪ್ಪಿಕೊಳ್ಳುತ್ತೇನೆ. ಹಾಗಾಗಿ ಅದರ ತಂಟೆಗೇ ಹೋಗಬೇಡಿ ಎಂದರೆ ಒಪ್ಪಲಾರೆ.

ದುಡಿದವನಿಗೆ ಹೆಚ್ಚು ಸಿಗುತ್ತದೆ, ತಪ್ಪೇನು ಎನ್ನುತ್ತಾರೆ. ಹಾಗಿದ್ದರೆ ಗೇಣಿಯ ಲೆಕ್ಕ ಬಿಡಿಸಿ ಹೇಳಲಿ. ಉತ್ತವನು, ನಾಟಿ ಮಾಡಿದವನು, ಕೊಯ್ದವನು ಗೇಣಿದಾರ. ಭತ್ತ ತುಂಬುತ್ತಿದ್ದುದು ಒಡೆಯರ ಕಣಜ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ರೈತರು ತಿರುಗಿಬಿದ್ದಾಗ ಜಗಳದ ನಡುವೆ ಇದ್ದದ್ದು ಒಂದು ಕೊಳಗ. ಗೇಣಿ ಅಳೆದುಕೊಳ್ಳಲು ಒಡೆಯರು ದೊಡ್ಡ ಕೊಳಗ ಇಟ್ಟುಕೊಂಡಿದ್ದರು. ಒಂದು ಕೊಳಗಕ್ಕೆ ಒಂದಿಷ್ಟು ಹೆಚ್ಚಾದರೂ ಖಂಡುಗಗಟ್ಟಲೆ ಅಳೆಯುವಾಗ ಎಷ್ಟಾಯಿತು? ಆ ಹೆಚ್ಚುವರಿ ಭತ್ತದಲ್ಲಿ ಯಾರ ಜಾಣ್ಮೆಯ ಫಲವಿತ್ತೋ ಕಾಣೆ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಈ ಹೋರಾಟದಲ್ಲೇ.

‘ಇದೆಲ್ಲ ಬದಲಾಗುವಂಥದ್ದಲ್ಲ’ ಎಂದು ಆಗಲೂ ಹೇಳುತ್ತಿದ್ದರು. ಆದರೆ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು, ಅದರ ಒಡೆತನ ಕೋರಿ ಗೇಣಿದಾರ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿದ. ಮಂಡಳಿಯ ಮುಂದೆ ವಕೀಲರಿಗೆ ಅವಕಾಶವಿಲ್ಲ ಎಂದು ಕಾನೂನಿನಲ್ಲೇ ಬರೆದಿದ್ದರು. ಫೀಸು ತೆತ್ತು ವಾದ ಮಾಡಿಸಬಲ್ಲವರು ಯಾರು ಎಂಬುದು ಬರೆದವರಿಗೆ ಗೊತ್ತಿತ್ತು.

ಹಂಚಿದರೆ ಉತ್ಪಾದನೆ ಕುಸಿಯುತ್ತದೆ ಎಂಬುದು ಇನ್ನೊಂದು ಹೆದರಿಕೆ. ನಾಳೆ ಒಕ್ಕಲೆಬ್ಬಿಸಿದರೆ ಏನು ಗತಿ ಎಂದು ಅಂಜುವವನು ವರ್ಷಗಟ್ಟಲೆ ಕಾದು ಫಲ ಕಾಣುವ ಅಡಿಕೆ ಸಸಿ ನೆಡುತ್ತಾನೆಯೇ? ನೆಲ ತನ್ನದಾದ ಮೇಲೆ ನೆಡುತ್ತಾನೆ. ರೈತರ ನೆಲವನ್ನು ಸಾಮೂಹಿಕ ಬೇಸಾಯಕ್ಕೆ ಸೇರಿಸಿದ ಸೋವಿಯತ್ ಒಕ್ಕೂಟದ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ನೆಲವನ್ನು ಉಳುವವನ ಹೆಸರಿಗೇ ಬರೆದುಕೊಟ್ಟ ಕಾನೂನು ಇದು.

ಸಣ್ಣಪುಟ್ಟ ಒಡೆಯರೂ ವಿಧವೆಯರೂ ಭೂಮಿ ಕಳೆದುಕೊಂಡರು ಎಂಬ ಮಾತಿದೆ. ನಿಜ, ಅವರಿಗಾದ ನೋವನ್ನು ಅಲ್ಲಗಳೆಯಲಾರೆ. ಇನ್ನೊಂದು ದೂರೂ ಇದೆ: ಗೇಣಿಯ ಹಕ್ಕೂ ಇಲ್ಲದೆ ಕೂಲಿ ಮಾಡುತ್ತಿದ್ದವರಿಗೆ, ಅವರಲ್ಲೂ ದಲಿತರಿಗೆ, ದಕ್ಕಿದ್ದು ಕಡಿಮೆ. ಈ ಎರಡನೆಯ ದೂರನ್ನು ವಿರೋಧಿಗಳು ಎತ್ತುವುದೇ ಇಲ್ಲ, ಏಕೆಂದರೆ ಅದು ಇನ್ನಷ್ಟು ಹಂಚಿ ಎನ್ನುತ್ತದೆ.

ಕೊನೆಯ ವಾದ: ಇಂದು ಸರಿಮಾಡಿದರೂ ನಾಳೆ ಅಂತರ ತಾನಾಗಿಯೇ ಮರಳುತ್ತದೆ. ತಾನಾಗಿಯೇ ಏನಲ್ಲ. ಸತ್ತವರ ಆಸ್ತಿಯ ಮೇಲಿನ ತೆರಿಗೆ 1985ರಲ್ಲಿ ಹೋಯಿತು. ಸಂಪತ್ತು ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ಕೈಬಿಟ್ಟರು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ, ಅದೇ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕರ್ನಾಟಕ 2020ರಲ್ಲಿ ತೆಗೆದುಹಾಕಿತು. ಮೂರಕ್ಕೂ ದಿನಾಂಕವಿದೆ, ಸಹಿಯಿದೆ, ಗೆಜೆಟ್ ಪ್ರಕಟಣೆಯಿದೆ.