ಮನೆವಾರ್ತೆ: ಬಂದು ಹೋಗುವ ದೋಷ

ಕೆಟ್ಟು ನಿಂತ ವಸ್ತುವನ್ನು ದುರಸ್ತಿ ಮಾಡಿಸುವುದು ಅಷ್ಟೇನೂ ಕಷ್ಟವಲ್ಲ. ಗಳಿಗೆಗೊಮ್ಮೆ ಕೆಟ್ಟು, ನೋಡಲು ಬಂದವನೆದುರು ನೆಟ್ಟಗಾಗುವ ವಸ್ತುವಿನ ಪಾಡು ಬೇರೆ. ನಮ್ಮ ಮನೆಯ ಇಂಟರ್ನೆಟ್ ತಂತಿಯು ಕಳೆದ ತಿಂಗಳು ಇಂತಹ ಆಟವನ್ನೇ ಆಡಿತು.

ನಮ್ಮ ಸೊಸೆಯು ಮಹಡಿಯ ಕೋಣೆಯಲ್ಲಿ ಕುಳಿತು ಕಚೇರಿಯ ಕೆಲಸವನ್ನು ಮಾಡುವವಳು. ಹಜಾರದ ರೂಟರಿನಿಂದ ಅವಳ ಲ್ಯಾಪ್‌ಟಾಪಿಗೆ ಕೇಬಲನ್ನು ಎಳೆಸಿದ್ದೆವು. ಸಭೆಯ ನಡುವೆ ಅವಳ ಮಾತು ಕಡಿದುಹೋಗುವುದು, ಕೆಲವು ಕ್ಷಣಗಳಲ್ಲಿ ತಾನಾಗಿ ಕೂಡುವುದು. ಮೇಲಧಿಕಾರಿಯು ಇದನ್ನು ಅಶ್ರದ್ಧೆಯೆಂದೆಣಿಸಿ, ಕೆಲಸವನ್ನು ಖಾಯಂ ಮಾಡುವ ಮಾತನ್ನೇ ಮುಂದೂಡಿದರು. ನಾವು ಸಿಟ್ಟಿನಿಂದ ಸಂಪರ್ಕ ಕೊಟ್ಟ ಕಂಪನಿಯವರನ್ನು ಕರೆಸಿದೆವು. ಬಂದ ಹುಡುಗನು ಮೂರು ಸಲ ನೋಡಿ ಮೂರು ಸಲವೂ ಎಲ್ಲವೂ ಸರಿಯಾಗಿದೆಯೆಂದನು. ಮೂರನೆಯ ಸಲ ನಾವು ಆಡಬಾರದ ಮಾತನ್ನಾಡಿದೆವು.

ಕಡೆಗೆ ಸೊಸೆಯೇ ಒಂದು ಉಪಾಯವನ್ನು ಕಂಡಳು. ಕಂಪ್ಯೂಟರಿನಲ್ಲಿ ಪಿಂಗ್ ಎಂಬ ಆಜ್ಞೆಯುಂಟು. ಅದು ನಾವು ಹೇಳಿದ ಯಂತ್ರವನ್ನು ಮತ್ತೆ ಮತ್ತೆ ಕೂಗಿ, ಓಗೊಟ್ಟಿತೋ ಇಲ್ಲವೋ ಎಂದು ತಿಳಿಸುವುದು. ಒಂದು ಕಡೆ ಮನೆಯ ರೂಟರನ್ನೂ ಇನ್ನೊಂದು ಕಡೆ ಹೊರಗಿನ ವಿಳಾಸವೊಂದನ್ನೂ ಹೀಗೆ ಕೂಗಿಸುತ್ತಿದ್ದಳು. ಹೊರಗಿನದು ಮಾತ್ರ ಸುಮ್ಮನಾದರೆ ದೋಷವು ಮನೆಯಾಚೆ ಇರುವುದೆಂದೆಣಿಸಬಹುದು. ರೂಟರೇ ಓಗೊಡದಿದ್ದರೆ ಮನೆಯೊಳಗೇ ಹುಡುಕತಕ್ಕದ್ದು. ಕಡಿದಾಗ ಎರಡೂ ಒಟ್ಟಿಗೆ ನಿಂತವು. ಅದೇ ರೂಟರಿನಿಂದ ಕೆಳಗೆ ಟಿವಿಯು ನಿರಾತಂಕವಾಗಿ ನಡೆಯುತ್ತಿತ್ತು! ಅಂತೂ ಕಂಪನಿಯವರು ನಿರ್ದೋಷಿಗಳಾದರು.

ಮೊದಲು ರೂಟರಿನ ಕಿಂಡಿಯನ್ನು ಬದಲಾಯಿಸಿದಳು, ಮರುದಿನ ಲ್ಯಾಪ್‌ಟಾಪನ್ನು. ಎರಡನ್ನೂ ಒಮ್ಮೆಗೇ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದಷ್ಟೆ. ಎರಡರಿಂದಲೂ ಗುಣ ಕಾಣಲಿಲ್ಲ. ಕಡಿದ ವೇಳೆಗಳನ್ನು ಮಾತ್ರ ಪುಸ್ತಕದಲ್ಲಿ ಬರೆದಿಡುತ್ತ ಬಂದಳು. ಆ ಪುಟವನ್ನು ನೋಡಿದಾಗ ನಮಗೆ ನಾಚಿಕೆಯಾಯಿತು. ಬೆಳಿಗ್ಗೆ ೧೧ ಗಂಟೆ, ಮಧ್ಯಾಹ್ನ ೪ ಗಂಟೆ. ಅವು ನಾವು ಅವಳಿಗೆ ಕಾಫಿ ಕೊಂಡೊಯ್ಯುವ ವೇಳೆಗಳು!

ಕೇಬಲು ಹೊಸ್ತಿಲ ಮೇಲೆ, ಬಾಗಿಲಿನ ಅಡಿಯಲ್ಲಿ ಹಾದುಹೋಗಿತ್ತು. ಅದರೊಳಗೆ ಎರಡೆರಡಾಗಿ ಹೊಸೆದ ೮ ತಂತಿಗಳಿರುವುವು. ಸೆಕೆಂಡಿಗೆ ೧೦೦ ಮೆಗಾಬಿಟ್ ವೇಗಕ್ಕೆ ೨ ಜೋಡಿಗಳು ಸಾಕು. ೧೦೦೦ಕ್ಕೆ ೪ ಜೋಡಿಗಳೂ ಬೇಕು. ಬಾಗಿಲು ಅರೆದು ಅರೆದು ಒಂದು ಎಳೆಯು ಒಳಗೇ ಮುರಿದಿದ್ದಿತು. ಹೊರಗಿನ ಹೊದಿಕೆಗೆ ಏನೂ ಆಗಿರಲಿಲ್ಲ. ಮುರಿದ ತುದಿಗಳು ತಾಗಿರುವವರೆಗೆ ಎಲ್ಲವೂ ಸರಿ. ಬಾಗಿಲು ಒತ್ತಿತೆಂದರೆ ಅವು ಅಗಲುವುವು. ಯಂತ್ರಗಳೆರಡೂ ಮೊದಲಿನಿಂದ ಸಂಪರ್ಕವನ್ನು ಕೂಡಿಸಿಕೊಳ್ಳಬೇಕಾಗುವುದು. ಕಂಪನಿಯ ಹುಡುಗನು ಬಂದಾಗಲೆಲ್ಲ ನಾವು ಮರ್ಯಾದೆಗೆಂದು ಬಾಗಿಲನ್ನು ತೆರೆದಿಟ್ಟಿದ್ದೆವು.

ಇಂತಹ ಕೇಬಲನ್ನು ಕತ್ತರಿಸಿ, ಹೊಸೆದು, ಟೇಪು ಸುತ್ತುವ ಗೋಜಿಗೆ ಹೋಗಬಾರದು, ಹೊಸದನ್ನೇ ಹಾಕಿಸತಕ್ಕದ್ದು. ಅಗ್ಗವೆಂದು ತಾಮ್ರದ ಲೇಪವುಳ್ಳ ಅಲ್ಯೂಮಿನಿಯಂ ತಂತಿಯನ್ನು ಕೊಳ್ಳದೆ ಅಪ್ಪಟ ತಾಮ್ರದ್ದನ್ನು ಕೇಳಬೇಕು. ಅಲ್ಯೂಮಿನಿಯಂ ಬಾಗಿಸಿದಲ್ಲಿ ಬೇಗ ಮುರಿಯುವುದು. ವಿದ್ಯುತ್ತಿನ ತಂತಿಯಿರುವ ಕೊಳವೆಯಲ್ಲಿ ಇದನ್ನು ಸೇರಿಸಲಾಗದು.

ಹೊಸ ಕೇಬಲು ಬಾಗಿಲಿನ ಚೌಕಟ್ಟಿನ ಮೇಲುಗಡೆ ಗೋಡೆಗೆ ಕೊರೆಸಿದ ರಂಧ್ರದಿಂದ ಒಳಗೆ ಬಂದಿದೆ. ಸೊಸೆಯು ತನ್ನ ವೇಳೆಯ ಪಟ್ಟಿಯನ್ನು ಮೇಲಧಿಕಾರಿಗೆ ಕಳುಹಿಸಿದಳು. ಖಾಯಮಾತಿಯ ಪತ್ರವು ಮೊನ್ನೆ ಬಂದಿತು. ಆ ಹುಡುಗನಿಗೆ ನಾವು ಫೋನು ಮಾಡಿ ತಪ್ಪೊಪ್ಪಿಕೊಂಡೆವು. ಅವನು ನಕ್ಕು, ಬಾಗಿಲನ್ನೊಮ್ಮೆ ಮುಚ್ಚಿ ನೋಡಬೇಕೆಂದು ತನಗೂ ತೋಚಲಿಲ್ಲವೆಂದನು.