ಓಡುವ ದಾರಿಗೆ ಒಡೆಯ ಯಾರು?

ಇಂಗ್ಲೆಂಡಿನ ಪಶ್ಚಿಮ ಅಂಚಿನಲ್ಲಿ, ವೇಲ್ಸ್ ಗಡಿಗೆ ತಾಗಿಕೊಂಡಂತೆ ಶ್ರಾಪ್‌ಶೈರ್ ಎಂಬ ಸೀಮೆಯಿದೆ. ಅಲ್ಲಿನ ಮಚ್ ವೆನ್‌ಲಾಕ್ ಒಂದು ಪುಟ್ಟ ಸಂತೆಯೂರು. ಜನಸಂಖ್ಯೆ ಮೂರು ಸಾವಿರದ ಆಸುಪಾಸು. ಅಲ್ಲಿ ಓಟಕ್ಕೆ ಹೊರಟವರು ಕೆಲವೇ ನಿಮಿಷಗಳಲ್ಲಿ ಮನೆಗಳ ಸಾಲು ದಾಟಿ ಹೊಲ, ಹುಲ್ಲುಗಾವಲು, ಬೇಲಿಸಾಲುಗಳ ನಡುವೆ ಇರುತ್ತಾರೆ. ಹೊಲ ಒಬ್ಬರದು, ಹುಲ್ಲುಗಾವಲು ಇನ್ನೊಬ್ಬರದು. ಆದರೂ ಓಡುವವರನ್ನು ಯಾರೂ ತಡೆಯುವುದಿಲ್ಲ, ಟಿಕೆಟ್ಟನ್ನೂ ಕೇಳುವುದಿಲ್ಲ. ಇದು ಹೇಗೆ ಸಾಧ್ಯವಾಯಿತು? ಉತ್ತರ ಹುಡುಕುತ್ತ ಹೋದರೆ ಭೂವಿಜ್ಞಾನ, ಕಾನೂನು, ಚರಿತ್ರೆ ಮೂರೂ ಒಂದೇ ಕಾಲುದಾರಿಯಲ್ಲಿ ಎದುರಾಗುತ್ತವೆ.

ಹವಳದ ದಿಬ್ಬದ ಮೇಲೆ

ಮೊದಲು ನೆಲದ ವಿಷಯ. ಊರಿನ ಬಳಿಯಿಂದ ನೈರುತ್ಯ ದಿಕ್ಕಿಗೆ ಕಾಡು ಹೊದ್ದ ಉದ್ದನೆಯ ಏಣೊಂದು ಚಾಚಿಕೊಂಡಿದೆ. ಇದರ ಹೆಸರು ವೆನ್‌ಲಾಕ್ ಎಡ್ಜ್. ಉದ್ದ 25 ಕಿ.ಮೀ.ಗೂ ಹೆಚ್ಚು. ಇದು ಸುಣ್ಣಕಲ್ಲಿನ ಏಣು. ಸುಮಾರು 43 ಕೋಟಿ ವರ್ಷಗಳ ಹಿಂದೆ ಈ ಭೂಭಾಗ ಸಮಭಾಜಕ ವೃತ್ತದ ದಕ್ಷಿಣಕ್ಕೆ, ಬೆಚ್ಚಗಿನ ಆಳವಿಲ್ಲದ ಸಮುದ್ರದ ಅಡಿಯಲ್ಲಿತ್ತು. ಅಲ್ಲಿ ಬೆಳೆದ ಹವಳ, ಚಿಪ್ಪುಜೀವಿಗಳ ಅವಶೇಷಗಳು ಪದರಪದರವಾಗಿ ಕೂಡಿ ಕಲ್ಲಾದವು. ಭೂಖಂಡ ನಿಧಾನವಾಗಿ ಉತ್ತರಕ್ಕೆ ಸರಿಯಿತು, ಸಮುದ್ರದ ತಳ ಮೇಲೆದ್ದಿತು. ಸೈಲೂರಿಯನ್ ಯುಗದ ಒಂದು ಭಾಗವನ್ನು ಪ್ರಪಂಚದ ಭೂವಿಜ್ಞಾನಿಗಳೆಲ್ಲ ಇಂದು ‘ವೆನ್‌ಲಾಕ್’ ಎಂದೇ ಕರೆಯುತ್ತಾರೆ. ಪುಟ್ಟ ಊರಿನ ಹೆಸರು ಭೂಮಿಯ ಪಂಚಾಂಗದಲ್ಲಿ ಹೀಗೆ ಸೇರಿಹೋಗಿದೆ.

ಓಡುವವನಿಗೆ ಇದರಿಂದ ಏನು ಎನ್ನುತ್ತೀರಾ? ಮಳೆ ಬಂದ ಮರುದಿನ ಅದು ತಿಳಿಯುತ್ತದೆ. ಸುಣ್ಣಕಲ್ಲಿನಲ್ಲಿ ಬಿರುಕುಗಳು ಹೇರಳ. ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಮಳೆನೀರಿನಲ್ಲಿ ಕರಗಿ ದುರ್ಬಲವಾದ ಕಾರ್ಬಾನಿಕ್ ಆಮ್ಲವಾಗುತ್ತದೆ. ಈ ಆಮ್ಲ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸಿ ಬಿರುಕುಗಳನ್ನು ಇನ್ನಷ್ಟು ಅಗಲಗೊಳಿಸುತ್ತದೆ. ನೀರು ಅವುಗಳ ಮೂಲಕ ಕೆಳಗಿಳಿದುಬಿಡುವುದರಿಂದ ಏಣಿನ ಮೇಲಿನ ದಾರಿ ಬೇಗ ಆರುತ್ತದೆ. ಏಣಿನ ವಾಯವ್ಯ ಮಗ್ಗುಲು ಕಡಿದಾಗಿ ಇಳಿದು ಏಪ್ ಡೇಲ್ ಎಂಬ ಕಣಿವೆ ಸೇರುತ್ತದೆ. ಅಲ್ಲಿನ ಕಲ್ಲು ಬೇರೆ. ಅದು ಸವೆದರೆ ಜೇಡಿಮಣ್ಣಾಗುತ್ತದೆ. ಜೇಡಿಮಣ್ಣಿನ ಕಣಗಳು ಅತಿ ಸಣ್ಣವು. ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒದ್ದೆ ಹೊಲದಲ್ಲಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಷೂಗಳು ಮಣ್ಣಿನ ಮುದ್ದೆಗಳಾಗುತ್ತವೆ. ಪ್ರತಿ ಹೆಜ್ಜೆಗೂ ಆ ಭಾರವನ್ನು ಎತ್ತಬೇಕು! ಒಂದೇ ದೂರ, ಒಂದೇ ಮಳೆ. ಕಲ್ಲು ಬದಲಾದರೆ ಓಟದ ಕಷ್ಟವೂ ಬದಲು. ಹಾಗೆಂದು ಏಣಿನ ಮೇಲೆ ಮೈಮರೆಯುವಂತಿಲ್ಲ. ನೆನೆದ ಸುಣ್ಣಕಲ್ಲು, ಅದರ ಮೇಲೆ ಹರಡಿದ ಮರದ ಬೇರು ಎರಡೂ ಚೆನ್ನಾಗಿ ಜಾರುತ್ತವೆ.

ಏರುಪೇರು ಬೇಡವೆನ್ನುವವರಿಗೆ ಹಳೆಯ ರೈಲುದಾರಿಯಿದೆ. ಊರಿಗೆ ಬರುತ್ತಿದ್ದ ರೈಲು 1960ರ ದಶಕದಲ್ಲಿ ನಿಂತುಹೋಯಿತು. ಕಂಬಿ ಕಿತ್ತ ಜಾಗದ ಕೆಲವು ಭಾಗ ಈಗ ನಡೆಯುವವರ, ಓಡುವವರ, ಕುದುರೆ ಸವಾರರ ದಾರಿ. ಉಕ್ಕಿನ ಕಂಬಿಯ ಮೇಲೆ ಉಕ್ಕಿನ ಗಾಲಿಗೆ ಘರ್ಷಣೆ ಕಡಿಮೆ. ರೈಲು ಕಡಿದಾದ ಏರು ಹತ್ತಲಾರದು. ಆದ್ದರಿಂದ ಎಂಜಿನಿಯರುಗಳು ಗುಡ್ಡ ಕಡಿದು, ತಗ್ಗು ತುಂಬಿ ದಾರಿಯನ್ನು ಹದವಾಗಿ ಏರುವಂತೆ ಮಾಡಿದ್ದರು. ಆ ಶ್ರಮದ ಫಲ ಇಂದು ಓಡುವವರ ಮೊಣಕಾಲಿಗೆ ಸಿಕ್ಕಿದೆ.

ನಡೆದದ್ದೇ ಹಕ್ಕು

ಇನ್ನು ಕಾನೂನು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 2.25 ಲಕ್ಷ ಕಿ.ಮೀ. ಉದ್ದದ ಸಾರ್ವಜನಿಕ ಹಕ್ಕಿನ ದಾರಿಗಳಿವೆ. ಇವುಗಳಲ್ಲಿ ಹೆಚ್ಚಿನವು ಖಾಸಗಿ ಜಮೀನಿನ ಮೇಲೆಯೇ ಹಾದುಹೋಗುತ್ತವೆ. ನೆಲ ರೈತನದು, ದಾಟುವ ಹಕ್ಕು ಎಲ್ಲರದು. ಚರ್ಚಿಗೆ, ಸಂತೆಗೆ, ಗಿರಣಿಗೆ, ಕೆಲಸಕ್ಕೆ ಜನ ತಲೆಮಾರುಗಳಿಂದ ತುಳಿದ ಜಾಡುಗಳಿವು. ಸಾರ್ವಜನಿಕರು 20 ವರ್ಷ ಅಡ್ಡಿಯಿಲ್ಲದೆ, ಯಾರ ಅಪ್ಪಣೆಯನ್ನೂ ಬೇಡದೆ, ಕದ್ದುಮುಚ್ಚದೆ ನಡೆದಿದ್ದರೆ ಆ ದಾರಿ ಅವರಿಗೆ ಸೇರಿದ್ದೆಂದು ಸಾಧಿಸಬಹುದು. ಒಡೆಯ ಹಾಗೆ ಬಿಟ್ಟುಕೊಡುವ ಉದ್ದೇಶ ತನಗಿರಲಿಲ್ಲವೆಂದು ತೋರಿಸಿಕೊಟ್ಟರೆ ಮಾತ್ರ ಬೇರೆ ಮಾತು. ಇಂಥ ದಾರಿಗಳನ್ನೆಲ್ಲ ಅಧಿಕೃತ ನಕಾಶೆಯಲ್ಲಿ ಗುರುತಿಸಬೇಕೆಂದು 1949ರ ಕಾಯ್ದೆ ವಿಧಿಸಿತು.

ಹಕ್ಕಿನ ಜೊತೆಗೆ ಕಟ್ಟಳೆಗಳೂ ಇವೆ. ಹಳದಿ ಬಾಣ ಕಾಲುದಾರಿಯ ಗುರುತು. ನೀಲಿ ಬಾಣವಿದ್ದರೆ ಕುದುರೆ, ಸೈಕಲ್ಲುಗಳಿಗೂ ಪ್ರವೇಶವುಂಟು. ಹೊಲದ ನಡುವೆ ಹಾಯುವ ಕಾಲುದಾರಿಯನ್ನು ರೈತ ಉಳಬಹುದು. ಆದರೆ ಮೊದಲ ಉಳುಮೆಯಾದ 14 ದಿನಗಳೊಳಗೆ ಕನಿಷ್ಠ ಒಂದು ಮೀಟರ್ ಅಗಲಕ್ಕೆ ದಾರಿಯನ್ನು ಮತ್ತೆ ಸರಿಪಡಿಸಿ ಕೊಡಬೇಕು. ಹಾಲಿನ ತಳಿಯ ಬಲಿತ ಹೋರಿಯನ್ನು ಇಂಥ ದಾರಿಯಿರುವ ಹೊಲದಲ್ಲಿ ಬಿಡುವಂತಿಲ್ಲ! ಬೇಲಿ ದಾಟಲು ಮರದ ಮೆಟ್ಟಿಲುಗಳಿರುತ್ತವೆ. ನಮ್ಮ ಮಲೆನಾಡು, ಕರಾವಳಿಯವರು ‘ತಡಮೆ’ ಎನ್ನುವುದು ಇಂಥದ್ದನ್ನೇ. ಮನುಷ್ಯ ದಾಟಬೇಕು, ದನ ದಾಟಬಾರದು. ಇಷ್ಟು ಸರಳವಾದ ಲೆಕ್ಕವನ್ನು ಎರಡು ದೇಶಗಳ ರೈತರೂ ಒಂದೇ ರೀತಿ ಬಿಡಿಸಿದ್ದಾರೆ.

ಈ ದಾರಿಗಳ ಬೆಲೆ ಎಷ್ಟೆಂಬುದು 2001ರಲ್ಲಿ ಗೊತ್ತಾಯಿತು. ಆ ವರ್ಷ ಫೆಬ್ರವರಿಯಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡಾಗ, ರೋಗ ಹರಡದಿರಲೆಂದು ದೇಶದ ಉದ್ದಗಲಕ್ಕೂ ಕಾಲುದಾರಿಗಳನ್ನು ಮುಚ್ಚಲಾಯಿತು. ನಡೆಯುವವರು ಬಾರದೆ ಹಳ್ಳಿಗಳ ಹೋಟೆಲು, ಅಂಗಡಿಗಳು ಬಣಗುಟ್ಟಿದವು. ಮೂರಡಿ ಅಗಲದ ಜಾಡನ್ನು ನಂಬಿ ಎಷ್ಟು ಜನ ಬದುಕುತ್ತಿದ್ದರೆಂಬುದು ಆಗ ಅರಿವಾಯಿತು.

ಒಬ್ಬ ವೈದ್ಯರ ಹಟ

ದಾರಿ ಎಲ್ಲರದಾದರೆ ಸಾಲದು, ಓಟವೂ ಎಲ್ಲರದಾಗಬೇಕು. ಇದಕ್ಕಾಗಿ ಹೆಣಗಿದವರು ಮಚ್ ವೆನ್‌ಲಾಕಿನಲ್ಲೇ ಹುಟ್ಟಿ, ಅಲ್ಲಿಯೇ ವೈದ್ಯರಾಗಿದ್ದ ಡಾ. ವಿಲಿಯಂ ಪೆನ್ನಿ ಬ್ರೂಕ್ಸ್ (1809-1895). ಊರಿನ ದುಡಿಯುವ ಜನ ಓದಬೇಕೆಂದು 1841ರಲ್ಲಿ ಅವರು ವಾಚನ ಸಂಘ ಸ್ಥಾಪಿಸಿದರು. ಓದಿನ ಜೊತೆಗೆ ಮೈಯೂ ಗಟ್ಟಿಯಾಗಬೇಕೆಂದು 1850ರಲ್ಲಿ ‘ಒಲಿಂಪಿಯನ್’ ಕ್ರೀಡಾಕೂಟ ಆರಂಭಿಸಿದರು. ಓಟ, ಜಿಗಿತ, ಕ್ರಿಕೆಟ್, ಫುಟ್ಬಾಲ್‌ಗಳ ಜೊತೆಗೆ ತಮಾಷೆಯ ಪಂದ್ಯಗಳೂ ಇದ್ದವು. ಒಮ್ಮೆ ಅಜ್ಜಿಯರಿಗಾಗಿಯೇ ಓಟದ ಪಂದ್ಯವಿತ್ತು. ಬಹುಮಾನ ಒಂದು ಪೌಂಡ್ ಚಹಾಪುಡಿ!

ಆಗಿನ ಇಂಗ್ಲೆಂಡಿನಲ್ಲಿ ಇದು ಸಣ್ಣ ಮಾತಲ್ಲ. 1866ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಮೆಚೂರ್ ಅಥ್ಲೆಟಿಕ್ ಕ್ಲಬ್ಬಿನ ನಿಯಮಗಳು ಕುಶಲಕರ್ಮಿಗಳನ್ನೂ ಕೂಲಿಕಾರರನ್ನೂ ಹೊರಗಿಟ್ಟವು. ಮೈಮುರಿದು ದುಡಿಯುವವನು ಅಂಗಳಕ್ಕಿಳಿದರೆ ದೊಡ್ಡ ಮನುಷ್ಯರಿಗೆ ಸೋಲಿನ ಭಯವಿತ್ತೋ ಏನೋ. ಬ್ರೂಕ್ಸ್ ಇದನ್ನು ಒಪ್ಪಲಿಲ್ಲ. ಕ್ರೀಡೆ ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬುದು ಅವರ ನಿಲುವು. ಶ್ರೀಮಂತ–ಕೂಲಿ ಎಂಬ ಆ ಅಡ್ಡಗೋಡೆ ಬಿದ್ದದ್ದು 1880ರಲ್ಲಿ ಹೊಸ ಅಥ್ಲೆಟಿಕ್ ಸಂಸ್ಥೆ ಬಂದ ಮೇಲೆ. ಶಾಲೆಗಳಲ್ಲಿ ದೈಹಿಕ ಶಿಕ್ಷಣ ಇರಲೇಬೇಕೆಂದು ಬ್ರೂಕ್ಸ್ ವರ್ಷಗಟ್ಟಲೆ ಸರ್ಕಾರವನ್ನು ಒತ್ತಾಯಿಸಿದರು. ಆಟದ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಎರವಲು ಕೊಡುವ ಶಾಲೆಗಳೂ, ಅದಕ್ಕೆ ಸಂತೋಷಪಡುವ ಪೋಷಕರೂ ಈ ವೈದ್ಯರನ್ನು ನೆನೆಯುವುದು ಒಳ್ಳೆಯದು.

1890ರಲ್ಲಿ ಫ್ರಾನ್ಸಿನ ಪಿಯರ್ ದ ಕೂಬರ್ತೆ ಈ ಊರಿಗೆ ಬಂದು ಕ್ರೀಡಾಕೂಟ ನೋಡಿದರು. ಅವರಿಗೆ ಆಗ 27 ವರ್ಷ, ಬ್ರೂಕ್ಸ್‌ಗೆ 81. ನಾಲ್ಕು ವರ್ಷಗಳ ನಂತರ ಕೂಬರ್ತೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕಟ್ಟಿದರು. 1896ರ ಏಪ್ರಿಲ್‌ನಲ್ಲಿ ಅಥೆನ್ಸಿನಲ್ಲಿ ಆಧುನಿಕ ಒಲಿಂಪಿಕ್ಸ್ ಆರಂಭವಾಯಿತು. ಅದನ್ನು ಕಾಣುವ ಭಾಗ್ಯ ಬ್ರೂಕ್ಸ್‌ಗೆ ಇರಲಿಲ್ಲ. ಕೆಲವೇ ತಿಂಗಳ ಹಿಂದೆ, 1895ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಿದ್ದರು. 2012ರ ಲಂಡನ್ ಒಲಿಂಪಿಕ್ಸ್‌ನ ಲಾಂಛನ ಬೊಂಬೆಗೆ ‘ವೆನ್‌ಲಾಕ್’ ಎಂಬ ಹೆಸರಿಟ್ಟದ್ದು ಈ ಋಣದ ನೆನಪಿಗೆ. ಕೂಬರ್ತೆ ಬಂದದ್ದರ ಗುರುತಿಗೆ ಓಕ್ ಸಸಿ ನೆಟ್ಟ ಲಿಂಡನ್ ಫೀಲ್ಡ್ ಎಂಬ ಮೈದಾನ ಇಂದಿಗೂ ಆಟಕ್ಕೆ ತೆರೆದಿದೆ.

ಮಾಡಿ ನೋಡಿ

ಓಡುವ ದಾರಿಯನ್ನು ಮನೆಯಲ್ಲೇ ಕುಳಿತು ಅಳೆಯಬಹುದು. ಬ್ರಿಟನ್ನಿನ ಸರ್ವೇ ಇಲಾಖೆಯ 1:25,000 ಪ್ರಮಾಣದ ನಕಾಶೆಯಲ್ಲಿ 4 ಸೆಂ.ಮೀ. ಎಂದರೆ ನೆಲದ ಮೇಲೆ ಒಂದು ಕಿ.ಮೀ. ದಾರಿಯ ಅಂಕುಡೊಂಕಿನ ಮೇಲೆ ದಾರವಿಟ್ಟು, ಆಮೇಲೆ ದಾರವನ್ನು ಸ್ಕೇಲಿನಲ್ಲಿ ಅಳೆಯಿರಿ. 40 ಸೆಂ.ಮೀ. ಬಂದರೆ ದೂರ 10 ಕಿ.ಮೀ. ಸಮೋನ್ನತಿ ರೇಖೆಗಳ ಅಂತರ 5 ಮೀ. ಎಂದಿಟ್ಟುಕೊಳ್ಳಿ, ಏರುವಾಗ 60 ರೇಖೆ ದಾಟಿದರೆ ಹತ್ತಿದ ಎತ್ತರ 300 ಮೀ.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರ ಕೊಟ್ಟರು. ಈಗಿನ ಅಳತೆಯಲ್ಲಿ ಹೇಳುವುದಾದರೆ, ನಡೆಯಲು 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀ. ಏರಿಗೆ ಇನ್ನೊಂದು ಗಂಟೆ. ಅಂದರೆ ಮೇಲಿನ ದಾರಿಗೆ 2 ಗಂಟೆ ಮತ್ತು ಅರ್ಧ ಗಂಟೆ, ಒಟ್ಟು ಎರಡೂವರೆ ಗಂಟೆ. ಓಡುವವರು ತಮ್ಮ ವೇಗಕ್ಕೆ ತಕ್ಕಂತೆ ಇದನ್ನು ಇಳಿಸಿಕೊಳ್ಳುತ್ತಾರೆ. ನಿಮ್ಮೂರಿನ ಯಾವುದಾದರೂ ಗುಡ್ಡದ ದಾರಿಗೆ ಲೆಕ್ಕ ಹಾಕಿ, ಹಿರಿಯರೊಬ್ಬರ ಜೊತೆ ನಡೆದು ಪರೀಕ್ಷಿಸಿ. ವ್ಯತ್ಯಾಸ ಬಂದರೆ ಕಾರಣ ಹುಡುಕಿ: ಕೆಸರೇ, ಬಿಸಿಲೇ, ಕಲ್ಲೇ?

ನಕಾಶೆ ಹೇಳದ ಒಂದು ಸಂಗತಿ ಉಳಿಯಿತು. ಕಾನೂನಿನ ಪ್ರಕಾರ ದಾರಿ ಇದ್ದರೂ ಯಾರೂ ತುಳಿಯದಿದ್ದರೆ ಎರಡೇ ಬೇಸಿಗೆಯಲ್ಲಿ ಮುಳ್ಳುಪೊದೆ, ತುರಿಕೆ ಗಿಡಗಳು ಅದನ್ನು ನುಂಗುತ್ತವೆ. ತಡಮೆ ಮುರಿಯುತ್ತದೆ, ಬಾಣದ ಗುರುತು ಮಾಸುತ್ತದೆ, ಕೊನೆಗೆ ಇಲ್ಲಿ ದಾರಿಯಿತ್ತೆಂಬುದೇ ಮರೆತುಹೋಗುತ್ತದೆ. ಓಡುವವರ ಪಾದಗಳೇ ಈ ಹಕ್ಕಿನ ಕಾವಲುಗಾರರು.