ಕ್ಷಮಾಪಣೆಯ ಕಾಗದ

ತಪ್ಪೊಪ್ಪಿಕೊಂಡು ಸ್ವಹಸ್ತದಿಂದ ಬರೆದ ಕಾಗದಕ್ಕೆ ಎಂತಹ ಕಲ್ಲೆದೆಯನ್ನಾದರೂ ಕರಗಿಸುವ ಶಕ್ತಿಯುಂಟೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಹು ಹಿಂದಿನಿಂದಲೂ ಇದೆ. ಕ್ಷಣಮಾತ್ರದಲ್ಲಿ ಸಂದೇಶಗಳು ಮೊಬೈಲಿನಲ್ಲಿ ಹಾರಿಹೋಗುವ ಈ ದಿನಗಳಲ್ಲಿ ಆ ನಂಬಿಕೆ ಕುಂದುವುದಕ್ಕೆ ಬದಲಾಗಿ ಇನ್ನಷ್ಟು ಬಲಿತಿರುವಂತೆ ಕಾಣುತ್ತದೆ.

ಕಳೆದ ತಿಂಗಳು ರವೀಂದ್ರನಗರದ ನಮ್ಮ ನೆರೆಯ ಹಿರಿಯರೊಬ್ಬರು ಒಂದು ಕರಡನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ತೀರ್ಥಹಳ್ಳಿಯ ಕಡೆಗೆ ಕೊಟ್ಟಿರುವ ಅವರ ತಂಗಿ ಹನ್ನೊಂದು ವರ್ಷಗಳಿಂದ ತವರಿನ ಹೊಸ್ತಿಲು ತುಳಿದಿಲ್ಲ. ಗೌರಿಹಬ್ಬಕ್ಕೆ ಕಳುಹಿಸಿದ ಬಾಗಿನವೂ ಹಿಂದಿರುಗುತ್ತಿತ್ತು. "ಸ್ವಲ್ಪ ತಿದ್ದಿಕೊಡಿ. ಕೈಯಲ್ಲೇ ಬರೆದು ಕಳುಹಿಸುತ್ತೇನೆ, ನನ್ನ ಅಕ್ಷರ ನೋಡಿದರೆ ಅವಳ ಮನಸ್ಸು ಕರಗೀತು" ಎಂದರು. ಕರಡಿನಲ್ಲಿದ್ದುದು ಇಷ್ಟು: "ತಿಳಿದೋ ತಿಳಿಯದೆಯೋ ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸು."

ಆದ ತಪ್ಪೇನೆಂದು ಕೇಳಿದೆನು. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು. ಮನೆ ಕಟ್ಟಿಸುವಾಗ ತಂಗಿಯ ಬಳೆಗಳನ್ನು ಪಡೆದು ಒತ್ತೆಯಿಟ್ಟವರು ಬಿಡಿಸಿಕೊಡಲಿಲ್ಲ. ಆಕೆ ಕೇಳಿದಾಗ, ತಾಯಿಯ ಬಳೆಗಳ ಮೇಲೆ ತನಗೂ ಹಕ್ಕಿದೆಯೆಂದು ನೆಂಟರೆದುರಿಗೆ ಆಡಿಬಿಟ್ಟಿದ್ದರು.

ಆಗ ನನಗೆ ನೆನಪಾದುದು ಗಾಂಧಿಯವರ ಕಾಗದ. 1927ರಲ್ಲಿ ಅವರು ಶಿವಮೊಗ್ಗ, ಭದ್ರಾವತಿಗಳಿಗೆ ಬಂದಾಗ ಅವರ ಆತ್ಮಕಥೆ 'ನವಜೀವನ' ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಗುತ್ತಿತ್ತು. ಮುಂದೆ ಗೊರೂರು ರಾಮಸ್ವಾಮಿ ಅಯ್ಯಂಗಾರರು ಅದನ್ನು ಕನ್ನಡಕ್ಕೆ ತಂದರು. ಅಣ್ಣನು ಮಾಡಿಕೊಂಡಿದ್ದ ಸುಮಾರು 25 ರೂಪಾಯಿಯ ಸಾಲ ತೀರಿಸಲು, ಆತನ ತೋಳಿನ ಚಿನ್ನದ ಕಡಗದಿಂದ ಒಂದು ಚೂರನ್ನು ಹದಿನೈದರ ವಯಸ್ಸಿನಲ್ಲಿ ತಾವು ಕದ್ದ ಸಂಗತಿಯನ್ನು ಅವರು ಅದರಲ್ಲಿ ಬರೆದಿದ್ದಾರೆ. ಬಾಯಿಬಿಟ್ಟು ಹೇಳುವ ಧೈರ್ಯವಾಗದೆ ತಂದೆಗೆ ಕಾಗದ ಬರೆದರು. ಅದರಲ್ಲಿ ಕಳವಿನ ಒಪ್ಪಿಗೆಯಿತ್ತು, ತಕ್ಕ ಶಿಕ್ಷೆಯ ಬೇಡಿಕೆಯಿತ್ತು, ಇನ್ನೆಂದಿಗೂ ಕದಿಯೆನೆಂಬ ಪ್ರತಿಜ್ಞೆಯಿತ್ತು. ನಡುಗುತ್ತ ತಾವೇ ಅದನ್ನು ತಂದೆಯ ಕೈಗಿತ್ತು ಎದುರಿಗೆ ಕುಳಿತರು. ರೋಗದಿಂದ ಮಲಗಿದ್ದ ತಂದೆ ಎದ್ದು ಕುಳಿತು ಓದಿದರು. ಕಣ್ಣೀರಿನಿಂದ ಕಾಗದ ತೊಯ್ದಿತು. ಬಳಿಕ ಅದನ್ನು ಹರಿದುಹಾಕಿ, ಮಾತಿಲ್ಲದೆ ಮತ್ತೆ ಮಲಗಿದರು.

ವಾಚಕರು ಗಮನಿಸಬೇಕು: ಆ ಕಾಗದ ಉಳಿಯಲೇ ಇಲ್ಲ. ಶಕ್ತಿಯು ಕಾಗದದಲ್ಲಿಯೋ ಮಸಿಯಲ್ಲಿಯೋ ಇದ್ದಿದ್ದರೆ, ಹರಿದೊಡನೆ ಅದೂ ಹೋಗಬೇಕಾಗಿತ್ತಷ್ಟೆ. ಕೈಬರಹದಿಂದ ಪ್ರಯೋಜನವೇ ಇಲ್ಲವೆಂದಲ್ಲ. ಬಾಯಿಮಾತು ಜಾರಿಕೊಳ್ಳಬಲ್ಲುದು, ಬರೆಯುವ ಕೈ ನಿಧಾನ. ಆ ನಿಧಾನದಲ್ಲಿ ತನ್ನ ತಪ್ಪಿನ ಹೆಸರನ್ನು ಬರೆಯುವವನೇ ಮೊದಲು ಓದಬೇಕಾಗುತ್ತದೆ. ಆದರೆ 'ಆಗಿದ್ದರೆ' ಎಂಬ ಒಂದು ಪದ ನಡುವೆ ನುಸುಳಿತೋ, ಅಕ್ಷರ ಎಷ್ಟೇ ದುಂಡಾಗಿದ್ದರೂ ಆ ಭಾರವೆಲ್ಲ ನೊಂದವರ ತಲೆಯ ಮೇಲೆಯೇ ಬೀಳುತ್ತದೆ.

ಹಿರಿಯರು ಕರಡನ್ನು ಬಿಟ್ಟು ನಾಲ್ಕೇ ಸಾಲು ಬರೆದರು: ಒತ್ತೆಯಿಟ್ಟುದು, ಬಿಡಿಸದುದು, ನೆಂಟರೆದುರಿಗೆ ಆಡಿದುದು. ಅಷ್ಟೇ ತೂಕದ ಬಳೆಗಳನ್ನು ಮಾಡಿಸಿ, ಕಾಗದವನ್ನು ಅಂಚೆಗೆ ಹಾಕದೆ, ತಾವೇ ತೀರ್ಥಹಳ್ಳಿಯ ಬಸ್ಸು ಹತ್ತಿದರು. ತಂಗಿ ಎರಡು ಸಲ ಓದಿದಳಂತೆ; ಮಡಿಸಿ ಬಳೆಗಳ ಜೊತೆಗೆ ಒಳಗಿಟ್ಟು ಬಂದು, "ಊಟ ಮಾಡಿಕೊಂಡು ಹೋಗು, ಅಣ್ಣಯ್ಯ" ಎಂದಳಂತೆ. ಕ್ಷಮಿಸಿದೆನೆಂದು ಮಾತ್ರ ಹೇಳಲಿಲ್ಲ.

ಹೇಳಲೇಬೇಕೆಂಬ ನಿಯಮವೂ ಇಲ್ಲ. ತಪ್ಪನ್ನು ಒಪ್ಪಿ, ತೆಗೆದುಕೊಂಡುದನ್ನು ಹಿಂದಿರುಗಿಸಿ, ಕೇಳಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಕ್ಷಮೆಯ ಕಾಲವನ್ನು ನಿಶ್ಚಯಿಸುವ ಹಕ್ಕು ನೊಂದವರದು. ಗೌರಿಹಬ್ಬ ಹತ್ತಿರ ಬಂದಿದೆ. ನೆರೆಮನೆಯಲ್ಲಿ ಬಾಗಿನದ ಮೊರಗಳು ಸಿದ್ಧವಾಗುತ್ತಿವೆ.